ಉಡಿ ತುಂಬಿ ಕಳಿಸಿದ ಓಣಿ

ಮೊನ್ನೆ ನಮ್ಮ ಮನೆಗೆ ಒಬ್ಬ ಹುಡುಗಿ ಬಂದಿದ್ದಳು. ಕಾರ್ಮಿಕ ನಿರೀಕ್ಷಕಿಯಾಗಿ ಇಂಡಿಗೆ ಹೊಸದಾಗಿ ನೇಮಕವಾಗಿದ್ದಾಳೆ. ಅದೇ ಕೆಲಸವನ್ನು ನಾನು ಇಂಡಿ, ಬಸವನ ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಎಂದು ಊರೂರು ತಿರುಗಿ ಮಾಡಿ ನಿವೃತ್ತನಾದವನೆಂದು ಯಾರೋ ಹೇಳಿದ್ದರಂತೆ. ಪೆನ್ನು ತೆರೆದುಕೊಂಡೇ ಕೂತಳು. "ಸರ್, ಈ ಕೆಲಸದಾಗ ಮೊದಲ ಏನ ಕಲೀಬೇಕ್ರಿ?" ಎಂದಳು. "ಮೊದಲ ಚಹಾ ಕುಡಿಯವ್ವಾ, ಆರತೈತಿ" ಎಂದೆ. ಬಡ್ತಿ ಯಾವಾಗ ಬಂತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದನ್ನೆಲ್ಲ ಹೇಳಬಹುದಿತ್ತು. ಅದು ಅವಳಿಗೆ ಯಾವ ಕೆಲಸಕ್ಕೂ ಬರುವುದಿಲ್ಲ. ಅವಳು ಹೋದ ಮೇಲೆ ನನಗೆ ಸಿಂದಗಿಯ ನೀಲವ್ವ ನೆನಪಾದಳು. ಅವತ್ತಿನಿಂದ ಊಟ ಸರಿಯಾಗಿ ಸೇರುತ್ತಿಲ್ಲ. ಬರೆದರೆ ಸ್ವಲ್ಪ ಹಗುರಾದೀತೆಂದು ಕೂತಿದ್ದೇನೆ.

ನಿರೀಕ್ಷಕ ಎಂದರೆ ಜನ ಅರ್ಧ ಪೊಲೀಸ್ ಎಂದುಕೊಳ್ಳುತ್ತಾರೆ. ಸೇರಿದ ಹೊಸದರಲ್ಲಿ ನಾನೂ ಹಾಗೇ ಎಂದುಕೊಂಡಿದ್ದೆ. ಇಂಡಿಯಲ್ಲಿ ಲಿಂಬೆಹಣ್ಣು ಆರಿಸುವ ಶೆಡ್ ಒಂದಕ್ಕೆ ಮೊದಲ ಸಲ ತಪಾಸಣೆಗೆ ಹೋದಾಗ ಬೂಟಿಗೆ ಪಾಲಿಶ್ ಹಾಕಿಸಿಕೊಂಡು ಹೋಗಿದ್ದೆ. ಹೆಂಗಸರು ಹಣ್ಣಿನ ರಾಶಿಯ ಸುತ್ತ ಕೂತಿದ್ದರು. ಮಾಲೀಕ ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಸಿ, ಎಳನೀರು ತರಿಸಿದ. ನಾನು ಅಲ್ಲೇ ಕೂತು ಒಬ್ಬೊಬ್ಬರನ್ನೇ ಕೇಳಿದೆ: ಕೂಲಿ ಸರಿಯಾಗಿ ಕೊಡುತ್ತಾರೆಯೇ, ನೀರಿದೆಯೇ, ನೆರಳಿದೆಯೇ? ಎಲ್ಲರದ್ದೂ ಒಂದೇ ಉತ್ತರ: "ಎಲ್ಲಾ ಚಲೋ ಐತ್ರಿ ಸಾಹೇಬ್ರ." ಹಾಗೆಯೇ ಬರೆದುಕೊಂಡೆ. ಶೆಡ್ಡಿನಿಂದ ಹೊರಬಿದ್ದು ಬಸ್ಸಿಗೆ ನಡೆಯುತ್ತಿದ್ದಾಗ ಮುದುಕಿಯೊಬ್ಬಳು ಹಿಂದಿನಿಂದ ಬಂದು ನನ್ನ ಜೊತೆ ಹೆಜ್ಜೆ ಹಾಕಿದಳು.

"ಮಾಲಕರ ಮುಂದ ಕುಂತು ಕೇಳಿದ್ರ ನಾವು ಏನ್ ಹೇಳೂದ್ರಿ? ಎಳನೀರ ಅವರದು, ಕುರ್ಚಿ ಅವರದು. ನಮ್ಮ ಜೋಡಿ ನಾಕ ಹೆಜ್ಜಿ ನಡೀರಿ, ಆಮ್ಯಾಲ ಕೇಳ್ರಿ" ಎಂದಳು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ಆಮೇಲೆ ನಾನು ಕೂಲಿಯವರ ಜೊತೆ ನಡೆಯುತ್ತಲೇ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಬೂಟು ಬಿಟ್ಟು ಚಪ್ಪಲಿಗೆ ಬಂದೆ.

ಬಸವನ ಬಾಗೇವಾಡಿಯಲ್ಲಿದ್ದಾಗ ದಕ್ಷಿಣದ ಕಡೆಯವರೊಬ್ಬರು ನಮಗೆ ಮೇಲಿನ ಸಾಹೇಬರಾಗಿ ಬಂದರು. ಸಜ್ಜನರೇ, ಆದರೆ ಕಣ್ಣಿಗೆ ಕಂಡದ್ದನ್ನು ತಕ್ಷಣ ಬರೆದು ಮುಗಿಸುವ ಆತುರ. ಒಂದು ಸೋಮವಾರ ಜೀಪು ಹತ್ತಿ ಹಳ್ಳಿಗಳ ಕಡೆ ಹೊರಟರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ ಆ ಭಾಗದಲ್ಲಿ. ಹೊಲಗಳು ಖಾಲಿ, ಎತ್ತುಗಳು ಕೊಟ್ಟಿಗೆಯಲ್ಲಿ, ಆಳುಗಳು ಕಟ್ಟೆಯ ಮೇಲೆ. ಸಾಹೇಬರು ಅದನ್ನೆಲ್ಲ ನೋಡಿ, ಇಲ್ಲಿ ಕೃಷಿ ಕೆಲಸ ಕುಸಿದಿದೆ, ಜನರಲ್ಲಿ ದುಡಿಯುವ ಹುರುಪಿಲ್ಲ ಎಂದು ವರದಿ ಬರೆಸಿದರು. ಬಸವಣ್ಣನ ಊರಿನಲ್ಲಿ ಬಸವಣ್ಣನಿಗೆ ಕೊಟ್ಟ ರಜೆ ಅವರಿಗೆ ಸೋಮಾರಿತನವಾಗಿ ಕಂಡಿತು. ನಾವು ಕಚೇರಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮ ಜನದ ರೀತಿ ನೀತಿ ನಮಗೆ ಗೊತ್ತಿದೆ, ಪರಸ್ಥಳದವರಿಗೆ ಏನು ತಿಳಿಯಬೇಕು ಎಂದು ನಾನೇ ಎಲ್ಲರಿಗಿಂತ ಜೋರಾಗಿ ಹೇಳಿದ್ದೆ. ತಾಳಿಕೋಟೆಯಲ್ಲಿ ಹುಟ್ಟಿ ಬೆಳೆದವನು ನಾನು. ಆ ಜಂಬ ಸಿಂದಗಿಗೆ ಹೋಗುವವರೆಗೆ ಇತ್ತು.

ಈಗಿನ ಪದ್ಧತಿ ಬೇರೆ. ಕಾರ್ಡು, ನೋಂದಣಿ, ಅರ್ಜಿ ಎಲ್ಲ ಮೊಬೈಲಿನಲ್ಲಿ. ಯಾವ ಅಂಗಡಿಗೆ ತಪಾಸಣೆಗೆ ಹೋಗಬೇಕೆಂಬುದನ್ನೂ ಕಂಪ್ಯೂಟರ್ ಹೇಳುತ್ತದೆ. ಒಳ್ಳೆಯದೇ. ನನ್ನ ಕಾಲದಲ್ಲಿ ಅರ್ಜಿ ತುಂಬಿಸಲು ಕೂಲಿಯ ದಿನ ಕಳೆದುಕೊಂಡವರನ್ನು ನೋಡಿದ್ದೇನೆ. ಆದರೆ ಬೆಳಗಿನ ನಾಕಾದಲ್ಲಿ, ಅಂದರೆ ದಿನಗೂಲಿಯವರು ಕೆಲಸಕ್ಕಾಗಿ ಕಾಯುವ ಕೂಡುರಸ್ತೆಯಲ್ಲಿ, ನಿಲ್ಲುವವರು ಮೊಬೈಲಿನಲ್ಲಿ ಕಾಣುವುದಿಲ್ಲ. ಅವರನ್ನು ನೋಡಬೇಕಾದರೆ ಬೆಳಕು ಹರಿಯುವಾಗ ಎದ್ದು ಹೋಗಬೇಕು.

ಸಿಂದಗಿಯ ನಾಕಾ ಬಸ್ ನಿಲ್ದಾಣದಿಂದ ಸ್ವಲ್ಪ ದೂರದ ಕೂಡುರಸ್ತೆಯಲ್ಲಿತ್ತು. ಸುತ್ತಲ ಹಳ್ಳಿಯವರು, ತಾಂಡಾದವರು, ಊರಿನದೇ ಕೇರಿಗಳವರು ಬುತ್ತಿ ಕಟ್ಟಿಕೊಂಡು ಬಂದು ನಿಲ್ಲುತ್ತಿದ್ದರು. ಮನೆ ಕಟ್ಟಿಸುವವರು, ಹತ್ತಿ ಬಿಡಿಸಲು ಆಳು ಬೇಕಾದವರು ಟಂಟಂ ಆಟೋ ತಂದು ನಿಲ್ಲಿಸಿ, ಬೆರಳು ತೋರಿಸಿ ಆರಿಸಿ ಹತ್ತಿಸಿಕೊಂಡು ಹೋಗುತ್ತಿದ್ದರು. ಕೆಲಸ ಸಿಗದವರು ಬಿಸಿಲೇರುವವರೆಗೆ ನಿಂತಿದ್ದು ವಾಪಸಾಗುತ್ತಿದ್ದರು. ಅಲ್ಲಿಂದಲೇ ಒಂದು ಹೊಸ ಓಣಿ ಶುರುವಾಗುತ್ತದೆ. ನೌಕರಿಯವರು, ಅಡತಿ ಅಂಗಡಿಯವರು ಕಟ್ಟಿಸಿದ ಚೆಂದದ ಮನೆಗಳು. ಓಣಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಕೆಟ್ಟವರಲ್ಲ, ಇಂಥ ಓಣಿಗಳು ನಾಲ್ಕೂ ತಾಲ್ಲೂಕಿನಲ್ಲಿವೆ.

ಓಣಿಯ ಮೊದಲ ಮನೆ ಸುಮಿತ್ರಾಬಾಯಿ ಅಕ್ಕೋರದು. ಮುದ್ದೇಬಿಹಾಳ ಕಡೆಯ ಹಳ್ಳಿಗಳಲ್ಲಿ ಶಾಲೆ ಕಲಿಸಿ ನಿವೃತ್ತರಾದವರು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಓಣಿಯಲ್ಲಿ ಅವರ ಮಾತು ಮೀರುವವರಿರಲಿಲ್ಲ. ಬೇಸಿಗೆ ಬಂದರೆ ಕಾಂಪೌಂಡಿನ ಹೊರಗೆ ಬೇವಿನ ಗಿಡದ ಕೆಳಗೆ ನೀರಿನ ಹರವಿ ಇಡಿಸುತ್ತಿದ್ದರು, ದಿನಾ ತಾವೇ ನಿಂತು ತುಂಬಿಸುತ್ತಿದ್ದರು. ನಾಕಾದ ಗಂಡಸರು ಬಂದು ಕುಡಿಯುತ್ತಿದ್ದರು. ಹೆಂಗಸರು ಅತ್ತ ತಲೆ ಹಾಕುತ್ತಿರಲಿಲ್ಲ. ಅದರ ಬಗ್ಗೆ ಅಕ್ಕೋರಿಗೆ ಒಳಗೇ ಸಿಟ್ಟು. "ಕೊಟ್ಟ ನೀರ ಒಲ್ಲೆ ಅಂತಾರಲ್ರಿ ಆ ಹೆಣ್ಮಕ್ಕಳು, ಇಷ್ಟ ಸೊಕ್ಕ ಇರಬಾರದು" ಎಂದು ನನ್ನೆದುರಿಗೇ ಒಮ್ಮೆ ಅಂದಿದ್ದರು.

ನೀಲವ್ವನ ಪರಿಚಯವಾದದ್ದು ಆ ನಾಕಾದಲ್ಲಿ. ನಡುವಯಸ್ಸಿನ ವಿಧವೆ. ಗೌಂಡಿಗಳ ಕೈಕೆಳಗೆ ಕಲ್ಲು, ಸಿಮೆಂಟು ಹೊರುತ್ತಿದ್ದಳು. ಹೆಂಗಸರಿಗೆಲ್ಲ ಅವಳೇ ಮುಂದು. ಯಾವ ಟಂಟಂ ಹತ್ತಬೇಕು, ಯಾವುದನ್ನು ಹತ್ತಬಾರದು ಎಂಬುದನ್ನು ಅವಳು ಕಣ್ಣಲ್ಲೇ ಹೇಳುತ್ತಿದ್ದಳು. ನಾನು ನನ್ನ ರೂಢಿಯಂತೆ ಅವಳ ಜೊತೆ ಸ್ವಲ್ಪ ದೂರ ನಡೆದು, ನಿಮಗೆ ಸರಕಾರದಿಂದ ಏನಾಗಬೇಕು ಎಂದು ಕೇಳಿದೆ. ನೆರಳು, ಕುರ್ಚಿ, ಹೆಚ್ಚಿನ ಕೂಲಿ, ಇಂಥದೇನೋ ಹೇಳುತ್ತಾಳೆಂದು ಎಣಿಸಿದ್ದೆ.

"ಬಾಗಲಾ ಇರೂ ಒಂದು ಸಂಡಾಸ ಕೊಡಸ್ರಿ" ಎಂದಳು.

ಅವಳೇ ಬಿಡಿಸಿ ಹೇಳಿದಳು. ಗಂಡಸರು ಎಲ್ಲಾದರೂ ಗೋಡೆಗೆ ಮುಖ ಮಾಡುತ್ತಾರೆ. ಹೆಂಗಸರು ನಸುಕಿನಲ್ಲಿ ಊರ ಹೊರಗೆ ಹೋಗಿಬಂದು ನಾಕಾಕ್ಕೆ ನಿಂತರೆ ಮತ್ತೆ ಕತ್ತಲಾಗುವವರೆಗೆ ದಾರಿಯಿಲ್ಲ. ಹಾಗಾಗಿ ಅವರು ಬೆಳಗಿನಿಂದ ನೀರು ಮುಟ್ಟುವುದಿಲ್ಲ. ರೊಟ್ಟಿಯನ್ನು ಒಣದೇ ನುಂಗುತ್ತಾರೆ. "ನನಗ ಉರಿಮೂತ್ರ ಹತ್ತಿ ಭಾಳ ದಿನಾ ಆತ್ರಿ. ದವಾಖಾನ್ಯಾಗ ನೀರ ಕುಡಿ, ಕೊಡಗಟ್ಲೆ ಕುಡಿ ಅಂತಾರ. ಕುಡದು ಎಲ್ಲಿ ಹೋಗ್ಲಿರಿ?" ಎಂದಳು. ಯಾವ ಕಾಯ್ದೆ ಪುಸ್ತಕದಲ್ಲಿ ಇದಕ್ಕೆ ಉತ್ತರವಿದೆಯೆಂದು ನನಗೆ ನೆನಪಾಗಲಿಲ್ಲ. ಕಾರ್ಖಾನೆಯಲ್ಲಾದರೆ ಮಾಲೀಕನಿಗೆ ನೋಟಿಸು ಕೊಡಬಹುದು. ಕೂಡುರಸ್ತೆಗೆ ಮಾಲೀಕ ಯಾರು?

ಅದೇ ಹೊತ್ತಿಗೆ ಮಲ್ಲಪ್ಪ ಎಂಬ ಗೌಂಡಿ ನನ್ನ ಹತ್ತಿರ ಬಂದ. ಪುಣೆಯಲ್ಲಿ ವರ್ಷಗಟ್ಟಲೆ ದುಡಿದು ಊರಿಗೆ ಮರಳಿದ್ದ. ಅಲ್ಲಿ ದಿನಗೂಲಿಯವರಿಗೆ ಆಫೀಸುಗಳಿವೆ, ಆಳು ಬೇಕಾದವರು ಅಲ್ಲಿಗೇ ಬಂದು ಕೇಳುತ್ತಾರೆ, ಕೂಲಿಯವರು ಬಿಸಿಲಿಗೆ ನಿಲ್ಲದೆ ಒಳಗೆ ಕೂತಿರುತ್ತಾರೆ, ಅಂಥದ್ದನ್ನು ಇಲ್ಲಿ ಮಾಡುತ್ತೇನೆ ಎಂದ. ನಾನೇ ಓಡಾಡಿ ಲೈಸೆನ್ಸು ಮಾಡಿಸಿಕೊಟ್ಟೆ. ನಾಕಾಕ್ಕೆ ಹತ್ತಿರವಿರಲೆಂದು ಅವನು ಅದೇ ಓಣಿಯಲ್ಲಿ, ಅಕ್ಕೋರ ಮನೆಯ ಎದುರಿಗೆ ಖಾಲಿಯಿದ್ದ ಮನೆಯೊಂದನ್ನು ಬಾಡಿಗೆಗೆ ಹಿಡಿದ. ಮುಂದೆ ಎರಡು ಮೆಟ್ಟಿಲು, ದೊಡ್ಡ ಪಡಸಾಲೆ, ಹಿತ್ತಲಲ್ಲಿ ಬಾಗಿಲಿರುವ ಸಂಡಾಸ. ನೀಲವ್ವ ಮೊದಲು ಹೋಗಿ ನೋಡಿದ್ದು ಹಿತ್ತಲನ್ನು. ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು.

ಬೋರ್ಡು ಹಾಕಿದ ದಿನವೇ ಓಣಿಯಲ್ಲಿ ಗುಸುಗುಸು ಶುರುವಾಯಿತು. ಎರಡು ದಿನಕ್ಕೆ ಅದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಸಭೆಯಾಯಿತು. ನನ್ನನ್ನೂ ಕರೆದರು. ಅಡತಿ ಅಂಗಡಿಯ ಯಜಮಾನರು ಮೊದಲು ಎದ್ದರು.

"ಸಾಹೇಬ್ರ, ಬಡವರ ಹೊಟ್ಟಿ ಮ್ಯಾಲ ಹೊಡೀಬೇಕಂತ ನಮಗೇನಿಲ್ಲ. ಆದ್ರ ಇದು ಸಂಸಾರಸ್ಥರ ಓಣಿ. ಬೆಳಗಾದ್ರ ಗಂಡಸರು ಬೀಡಿ ಸೇದ್ಕೋತ ನಿಂತ್ರ ನಮ್ಮ ಹೆಣ್ಮಕ್ಕಳು ಕಾಲೇಜಿಗೆ ಹೆಂಗ ಹೋಗಬೇಕ್ರಿ?"

ಇನ್ನೊಬ್ಬರು ಜಾಗದ ಬೆಲೆ ಇಳಿಯುತ್ತದೆ ಎಂದರು. ಮತ್ತೊಬ್ಬರು ಕಳ್ಳತನದ ಮಾತು ತೆಗೆದರು. ಜಾತಿಯ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಅದನ್ನು ಬಹಳ ಜೋಪಾನವಾಗಿ ದಾಟಿಕೊಂಡು ಹೋದರು. ನಾನು ಸಿಟ್ಟಿಗೆದ್ದೆ, ನನ್ನ ಮೂಗಿನ ತುದಿಯ ಸಿಟ್ಟು ಇಲಾಖೆಯಲ್ಲೆಲ್ಲ ಪ್ರಸಿದ್ಧ. ನಿಮ್ಮ ಮನೆಗಳ ಪಾಯ ತೆಗೆದವರು ಯಾರು ಎಂದು ಕೇಳಿಬಿಟ್ಟೆ. ಅಕ್ಕೋರು ಮೆಲ್ಲಗೆ, "ಸಾವಕಾಶ ಮಾತಾಡ್ರಿ ಸಾಹೇಬ್ರ, ನಾವೂ ಮನಷ್ಯಾರ ಅದೀವಿ" ಎಂದರು. ಕೊನೆಗೆ ನಾನೇ ಒಂದು ದಾರಿ ಹೇಳಿದೆ. ಗಂಡಸರು ನಾಕಾದಲ್ಲೇ ನಿಲ್ಲಲಿ, ಹೆಂಗಸರು ಮಾತ್ರ ಈ ಮನೆಯಲ್ಲಿ ಕೂರಲಿ. ಮಲ್ಲಪ್ಪ ಒಪ್ಪಿದ. ಅಕ್ಕೋರು ಸ್ವಲ್ಪ ಹೊತ್ತು ಯೋಚಿಸಿ, "ಹೆಣ್ಮಕ್ಕಳ ವಿಷಯ ಹೆಣ್ಮಕ್ಕಳ ಮಾತಾಡ್ಕೋತೇವಿ, ಶುಕ್ರವಾರ ಹೇಳ್ತೇವಿ" ಎಂದರು.

ಅಷ್ಟರಲ್ಲಿ ಹೆಂಗಸರು ಆ ಪಡಸಾಲೆಯಲ್ಲಿ ಕೂರಲು ಶುರುಮಾಡಿದ್ದರು. ನಾನು ದಿನಾ ಬೆಳಿಗ್ಗೆ ಹೋಗಿ ನೋಡಿಬರುತ್ತಿದ್ದೆ. ಮಲ್ಲಪ್ಪ ಇಟ್ಟ ಕೊಡದ ನೀರು ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು. ನೀಲವ್ವ ಲೋಟ ಎತ್ತಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಕಡೆ ನೋಡಿ ನಕ್ಕದ್ದು ಈಗಲೂ ಕಣ್ಣ ಮುಂದಿದೆ. ಅವಳು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಅಲ್ಲಿದ್ದಾಗಲೇ ಓಣಿಯ ಹೆಂಗಸರು ಬಂದರು. ಕೈಯಲ್ಲಿ ತಾಟುಗಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ವೀಳ್ಯದೆಲೆ, ಒಬ್ಬೊಬ್ಬರಿಗೆ ಒಂದೊಂದು ಕುಪ್ಪಸದ ಖಣ. ಕೂಲಿ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಕುಂಕುಮ ಹಚ್ಚಿ, ಸೆರಗು ಒಡ್ಡಿಸಿ ಉಡಿ ತುಂಬಿದರು. ಕೇರಿಯವರು, ತಾಂಡಾದವರು ಎಂದು ಬೇರೆ ಮಾಡಲಿಲ್ಲ. ಅಕ್ಕೋರು ತಾಟು ಹಿಡಿದು ಒಂದೊಂದೇ ಸಾಮಾನು ಎತ್ತಿಕೊಡುತ್ತಿದ್ದರು. ಅವರು ವಿಧವೆ, ತಾವು ತುಂಬುವಂತಿರಲಿಲ್ಲ. ನೀಲವ್ವನೂ ಹಾಗೇ, ತುಂಬಿಸಿಕೊಳ್ಳುವಂತಿರಲಿಲ್ಲ. ಸೆರಗನ್ನು ತಲೆಗೆಳೆದುಕೊಂಡು ಹಿತ್ತಲ ಬಾಗಿಲ ಹತ್ತಿರ ಸರಿದು ನಿಂತಿದ್ದಳು. ಉಡಿ ತುಂಬಿಸಿಕೊಂಡವರ ಕಣ್ಣು ತೇವವಾಗಿದ್ದವು. ನನ್ನ ಕಣ್ಣೂ ತುಂಬಿ ಬಂದವು. ಇಷ್ಟು ದೊಡ್ಡ ಮನಸ್ಸಿನ ಓಣಿಯನ್ನು ನಾನು ಬೈದೆನಲ್ಲ ಎಂದು ಅಕ್ಕೋರಿಗೆ ಕೈ ಮುಗಿದೆ. ಅವರೂ ಮುಗಿದರು. ಆಮೇಲೆ ಹೆಂಗಸರು ಉಡಿ ಕಟ್ಟಿಕೊಂಡು, ಬುತ್ತಿಗಂಟು ಎತ್ತಿಕೊಂಡು ಹೋದರು. ನಾನು ಕಚೇರಿಗೆ ಹೋಗಿ, ಸ್ಥಳೀಯರ ವಿರೋಧ ಸೌಹಾರ್ದದಿಂದ ಬಗೆಹರಿದಿದೆ ಎಂದು ವರದಿ ಬರೆದು ಕಳಿಸಿದೆ. ಅಕ್ಷರ ಬಹಳ ಮುದ್ದಾಗಿ ಬಂದಿದ್ದವು.

ಮರುದಿನ ಇಂಡಿಗೆ ಮೀಟಿಂಗಿಗೆ ಹೋಗಬೇಕಿತ್ತು. ಸೋಮವಾರ ಬೆಳಿಗ್ಗೆ ಓಣಿಗೆ ಬಂದರೆ ಮನೆಗೆ ಬೀಗ. ಬೋರ್ಡು ಇರಲಿಲ್ಲ. ಮನೆ ಮಾಲೀಕರು ಮಲ್ಲಪ್ಪನ ಮುಂಗಡ ತಿರುಗಿ ಕೊಟ್ಟುಬಿಟ್ಟಿದ್ದರು. ನಾನು ನೇರ ಅಕ್ಕೋರ ಮನೆಗೆ ಹೋದೆ. ಅವರು ಜೋಕಾಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಇದೇನ್ರಿ ಅಕ್ಕೋರ? ಶುಕ್ರವಾರ ಉಡಿ ತುಂಬಿ ಸೋಮವಾರ ಬೀಗ ಹಾಕಿಸೀರಿ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಮತ್ತ ಉಡಿ ಯಾಕ ತುಂಬಿದೆವಿ ಅಂತ ತಿಳ್ಕೊಂಡೀರಿ? ಯಾರನ್ನೂ ಬೈದು ಬಡದು ಕಳಿಸಬಾರದು ಅಂತ ನಾನ ಹೇಳಿದೆ. ಮನಿ ಮಗಳನ್ನ ಕಳಿಸಿದಂಗ ಮರ್ಯಾದಿಲೆ ಕಳಿಸೇವಿ. ನೀವೂ ಎದುರಿಗೆ ನಿಂತು ಕೈ ಮುಗದ್ರೆಲ್ಲ?"

ಅಕ್ಕತಂಗಿಯರು ತವರಿನಿಂದ ಹೊರಡುವಾಗ, ಬೀಗರ ಮನೆಯ ಹೆಂಗಸರು ಹೊರಡುವಾಗ ಉಡಿ ತುಂಬುವುದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ನೋಡಿದ್ದೇನೆ ಎಂದರೆ, ಒಳಗೆ ಅದು ನಡೆಯುವಾಗ ಪಡಸಾಲೆಯಲ್ಲಿ ಪೇಪರ್ ಹಿಡಿದು, ಬಸ್ಸಿಗೆ ಹೊತ್ತಾಯಿತೆಂದು ಕೂಗಿದ್ದೇನೆ. ಉಡಿ ತುಂಬಿಸಿಕೊಂಡ ಹೆಣ್ಣುಮಗಳು ಆ ಮನೆಯಲ್ಲಿ ಮತ್ತೆ ಕೂರುವುದಿಲ್ಲ, ಕಾಲು ಹೊರಗಿಡುತ್ತಾಳೆ. ಇದನ್ನು ತಿಳಿಯದವಳು ನಮ್ಮ ಸೀಮೆಯಲ್ಲಿ ಒಬ್ಬಳೂ ಇಲ್ಲ. ಅಲ್ಲಿದ್ದವರಲ್ಲಿ ತಿಳಿಯದೆ ನಿಂತವನು ನಾನೊಬ್ಬನೇ.

ನಾಕಾಕ್ಕೆ ಓಡಿದೆ. ಹೆಂಗಸರು ಮೊದಲಿನಂತೆ ರಸ್ತೆಯ ಬದಿ ನಿಂತಿದ್ದರು. ನನ್ನನ್ನು ಕಂಡು ಮುಖ ತಿರುಗಿಸಿದರು. ರೇಣವ್ವ ಎಂಬವಳು, ನೀಲವ್ವನ ಜೊತೆಗಾತಿ, ಒಬ್ಬಳೇ ಮಾತಾಡಿದಳು.

"ನಿಮ್ಮನ್ನೇನೂ ಅನ್ನಂಗಿಲ್ರಿ ಸಾಹೇಬ್ರ. ನಿಮಗೂ ಭಾಳ ತ್ರಾಸ ಆಗಿರಬೇಕು. ಎದುರಿಗೆ ನಿಂತು ಉಡಿ ತುಂಬಿಸಿ ಕಳಿಸಿದ್ರಿ, ಅಷ್ಟಾದ್ರೂ ಮಾಡಿದ್ರಿ."

"ಇಲ್ಲವ್ವಾ, ನನಗ ಗೊತ್ತಿರಲಿಲ್ಲ. ವಾಪಸ್ ಬರ್ರಿ, ಬೀಗ ತಗಸ್ತೇನಿ" ಎಂದೆ.

"ಉಡಿ ತುಂಬಿಸ್ಕೊಂಡ ಮನ್ಯಾಗ ಹೊಳ್ಳಿ ಹೋಗಿ ಕುಂದ್ರಾಕ ಬರ್ತೈತೇನ್ರಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವರು ತಿರುಗಿ ಬೈಯುತ್ತಿದ್ದರು, ಕಲ್ಲೆಸೆದಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು. ಮರ್ಯಾದೆ ಕೊಟ್ಟು ಕಳಿಸಿದ್ದರಿಂದ ಅವರಿಗೆ ದಾರಿಯೇ ಉಳಿದಿರಲಿಲ್ಲ.

ನಾನು ಮೇಲಿನ ಸಾಹೇಬರಿಗೆ ಫೋನು ಮಾಡಿದೆ. ವಿರೋಧ ಇಲ್ಲವೆಂದು ನೀವೇ ಬರೆದಿದ್ದೀರಿ, ಯಾರೂ ದೂರನ್ನೂ ಕೊಟ್ಟಿಲ್ಲ, ಬಾಡಿಗೆ ಮನೆ ಬಿಡಿಸುವುದು ಮಾಲೀಕರ ಇಷ್ಟ, ನಾವು ಏನೆಂದು ಪತ್ರ ಬರೆಯುವುದು ಎಂದರು. ತಪ್ಪಿಲ್ಲದ ಮಾತು. ಸೋಮವಾರದ ಎತ್ತುಗಳನ್ನು ನೋಡಿ ವರದಿ ಬರೆದ ಹಳೆಯ ಸಾಹೇಬರು ನನಗೆ ಅವತ್ತು ಬಹಳ ನೆನಪಾದರು. ಮಲ್ಲಪ್ಪ ಮಾರುಕಟ್ಟೆ ಯಾರ್ಡಿನ ಆಚೆ ಬೇರೆ ಜಾಗ ಹುಡುಕಿದ. ಅಷ್ಟು ದೂರ ಆಳು ಕೇಳಿಕೊಂಡು ಯಾರು ಬರುತ್ತಾರೆ? ಅವನು ಮತ್ತೆ ಪುಣೆಯ ಬಸ್ಸು ಹತ್ತಿದ.

ನಾನು ಬೀಗ ಕಂಡ ಮರುದಿನವೇ ಬೆಳಿಗ್ಗೆ ಓಣಿಯ ಮುಂದೆ ಹಾದು ಹೋಗುವಾಗ ನೋಡಿದರೆ, ಬೀಗ ಹಾಕಿದ ಆ ಮನೆಯ ಮೆಟ್ಟಿಲ ಮೇಲೆ ನೀಲವ್ವ ಕೂತಿದ್ದಳು. ಬುತ್ತಿಗಂಟು ಮಗ್ಗುಲಲ್ಲಿತ್ತು.

"ಯಾಕ ನೀಲವ್ವಾ, ಎಲ್ಲಾರೂ ಹೋದ್ರು, ನೀ ಒಬ್ಬಾಕಿನ?" ಎಂದೆ.

"ನನಗ ಯಾರೂ ಉಡಿ ತುಂಬಿಲ್ರಿ" ಎಂದಳು. "ನನ್ನ ಯಾರೂ ಕಳಿಸಿಲ್ಲ. ನಾ ಯಾಕ ಹೋಗ್ಲಿ?"

ಅವಳು ದಿನಾ ಬಂದಳು. ಬೆಳಿಗ್ಗೆ ಆಳು ಕೇಳುವ ಹೊತ್ತಿನವರೆಗೆ ಆ ಮೆಟ್ಟಿಲ ಮೇಲೆ ಕೂತಿದ್ದು, ಆಮೇಲೆ ಎದ್ದು ನಾಕಾಕ್ಕೆ ಹೋಗುತ್ತಿದ್ದಳು. ಓಣಿಯವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ಬೈಯುವ ಜನ ಅವರಲ್ಲ. ವಿಧವೆಯನ್ನು ಮರ್ಯಾದೆಯಿಂದ ಕಳಿಸುವ ಶಾಸ್ತ್ರ ಅವರಿಗೆ ಗೊತ್ತಿರಲಿಲ್ಲ. ಯಾರೋ ನಸುಕಿನಲ್ಲೇ ಮೆಟ್ಟಿಲಿಗೆ ನೀರು ಸುರುವಿಟ್ಟರು. ಅವಳು ಸೆರಗಿನಿಂದ ಒರೆಸಿ ಕೂತಳು. ಯಾರೋ ಮೆಟ್ಟಿಲಿಗೆ ಅಡ್ಡ ಮೋಟರ್‌ಸೈಕಲ್ ನಿಲ್ಲಿಸಿದರು. ಅವಳು ಅದರ ಪಕ್ಕ ನೆಲದ ಮೇಲೆ ಕೂತಳು. ಸಂಡಾಸ ಬೀಗದ ಆಚೆಗಿತ್ತು. ನೀರು ಕುಡಿಯುವುದನ್ನು ಅವಳು ಮತ್ತೆ ಬಿಟ್ಟಿದ್ದಳು.

ಒಂದು ದಿನ ಅಕ್ಕೋರೇ ತಂಬಿಗೆ ತುಂಬ ನೀರು ತಂದು ಅವಳ ಮುಂದೆ ಹಿಡಿದರು. ಅವಳು ಬೇಡವೆಂದು ತಲೆಯಾಡಿಸಿದಳು. ಅಕ್ಕೋರು ನನ್ನ ಕಡೆ ತಿರುಗಿ, "ನೋಡ್ರಿ, ಈಗೂ ಅದ ಸೊಕ್ಕು" ಎಂದರು. ಆಗ ನಾನು ಹೇಳಿದೆ. ಹರವಿಯ ನೀರನ್ನು ಆ ಹೆಂಗಸರು ಇಷ್ಟು ವರ್ಷ ಯಾಕೆ ಮುಟ್ಟಲಿಲ್ಲ, ಈ ಮನೆ ಅವರಿಗೆ ಯಾಕೆ ಬೇಕಾಗಿತ್ತು ಎಂಬುದನ್ನೆಲ್ಲ ಬೀದಿಯಲ್ಲೇ ನಿಂತು ಹೇಳಿದೆ. ಅಕ್ಕೋರು ತಂಬಿಗೆಯನ್ನು ಮೆಟ್ಟಿಲ ಮೇಲೆ ಇಟ್ಟರು.

"ನಾ ಕಲಸೂ ಸಾಲ್ಯಾಗ ಸಂಡಾಸ ಇರಲಿಲ್ರಿ" ಎಂದರು. "ಮುಂಜಾನೆ ಹೋದ್ರ ಸಂಜಿಗೆ ಮನಿಗೆ ಬರೂತನಾ ನಾನೂ ಹನಿ ನೀರ ಕುಡೀತಿರಲಿಲ್ಲ. ಮರತ ಬಿಟ್ಟಿದ್ದೆ ನೋಡ್ರಿ. ಮನ್ಯಾಗ ಎಲ್ಲಾ ಆದ ಮ್ಯಾಲ ಮರತ ಹೋತು."

ಆಮೇಲೆ ನೀಲವ್ವನ ಎದುರು ಕುಕ್ಕರಗಾಲಲ್ಲಿ ಕೂತು, "ಏಳವ್ವಾ, ನಮ್ಮ ಮನಿಗೆ ಬಾ. ದಿನಾ ಬಾ. ಗೇಟ್ ತಗದ ಇಡ್ತೇನಿ" ಎಂದರು. ನೀಲವ್ವ ಅವರ ಮುಖವನ್ನೇ ನೋಡಿದಳು. ಎದ್ದೇಬಿಡುತ್ತಾಳೆಂದು ನಾನು ಎಣಿಸಿದೆ.

"ಅವರೂ ಬರಬಹುದೇನ್ರಿ?" ಎಂದು ನಾಕಾದ ಕಡೆ ಕೈ ಮಾಡಿ ಕೇಳಿದಳು.

ಅಕ್ಕೋರು ಹೂಂ ಎನ್ನಲು ಬಾಯಿ ತೆರೆದರು. ಆದರೆ ಎಲ್ಲರನ್ನೂ ಮರ್ಯಾದೆಯಿಂದ ಕಳಿಸಿ ವಿಷಯ ಮುಗಿಸುತ್ತೇನೆಂದು ತಾವೇ ಓಣಿಗೆ ಕೊಟ್ಟ ಮಾತು ನೆನಪಾಗಿರಬೇಕು. "ಓಣ್ಯಾಗ ಒಂದ ಮಾತ ಕೇಳಿ ಹೇಳ್ತೇನಿ" ಎಂದರು. ಕೇಳಿಯೂ ಕೇಳಿದರು. ಮನೆಮನೆಗೆ ಹೋಗಿ ಕೇಳಿದರೆಂದು ನನಗೆ ಗೊತ್ತು. ಎಲ್ಲರೂ ಅವರಿಗೆ ಅವರದೇ ಮಾತನ್ನು ತಿರುಗಿಸಿ ಹೇಳಿದರು: ಮರ್ಯಾದೆಯಿಂದ ಮುಗಿದ ವಿಷಯ ಅಕ್ಕೋರ, ಮತ್ತೆ ಯಾಕೆ ಕೆದಕುತ್ತೀರಿ. ಅಕ್ಕೋರು ಗೇಟನ್ನೇನೋ ತೆಗೆದಿಟ್ಟರು. ನೀಲವ್ವ ಒಬ್ಬಳೇ ಒಳಗೆ ಹೋಗಲಿಲ್ಲ. ಇಬ್ಬರು ಹೆಂಗಸರು ದಿನಾ ಬೆಳಿಗ್ಗೆ ಎದುರುಬದುರಾಗಿ ಕೂತಿರುತ್ತಿದ್ದರು, ಒಬ್ಬರು ಗೇಟಿನ ಒಳಗೆ, ಒಬ್ಬಳು ಮೆಟ್ಟಿಲ ಮೇಲೆ.

ಅಷ್ಟರಲ್ಲಿ ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಹೊರಡುವ ಮುಂಚೆ ಅವಳನ್ನು ಕಂಡಾಗ ಮುಖ ಉಬ್ಬಿತ್ತು, ಪಾದದ ಮೇಲೆ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತ್ತು. ವಿಜಯಪುರದ ಆಸ್ಪತ್ರೆಗೆ ಹೋಗು ಎಂದು ಗದರಿದೆ. ಹೋದಳಂತೆ. ಎರಡೂ ಕಿಡ್ನಿ ಕೆಟ್ಟಿವೆ ಎಂದರಂತೆ. ಸ್ವಲ್ಪ ದಿನ ಓಡಾಡಿದಳು. ಆಮೇಲೆ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ರೇಣವ್ವ ಫೋನು ಮಾಡಿ, "ನೀಲಕ್ಕ ಹ್ವಾದ್ಲ್ರಿ" ಎಂದು ಅಷ್ಟೇ ಹೇಳಿ ಇಟ್ಟಳು. ಮುದ್ದೇಬಿಹಾಳದಿಂದ ಬಸ್ಸಿನಲ್ಲಿ ಬರುವಾಗ ಕಿಟಕಿಗೆ ಮುಖ ಮಾಡಿ ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಕೇರಿಯ ಅವಳ ಮನೆಯ ಮುಂದೆ ನಮ್ಮ ಕಡೆಯ ಪದ್ಧತಿಯಂತೆ ಅವಳನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಮೆಟ್ಟಿಲ ಮೇಲೆ ಕೂತಿರುತ್ತಿದ್ದ ಹಾಗೇ ಕಾಣುತ್ತಿದ್ದಳು. ನಾಕಾದವರೆಲ್ಲ ಅವತ್ತು ಕೆಲಸಕ್ಕೆ ಹೋಗಿರಲಿಲ್ಲ. ಎತ್ತುವ ಹೊತ್ತಿಗೆ ಅಕ್ಕೋರು ಬಂದರು. ಓಣಿಯಿಂದ ಬಂದವರು ಅವರೊಬ್ಬರೇ. ಕೈಯಲ್ಲಿ ತಾಟು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಹಸಿರು ಬಣ್ಣದ ಒಂದು ಖಣ. ಜನ ಸರಿದು ದಾರಿ ಕೊಟ್ಟರು. ಅವರು ನೀಲವ್ವನ ಮುಂದೆ ಮೊಣಕಾಲೂರಿ, ಅವಳ ಸೆರಗನ್ನು ಹಿಡಿದು ಬಿಡಿಸಿದರು. ಗಂಡನಿಲ್ಲದವಳಿಗೆ ಗಂಡನಿಲ್ಲದವಳು ಉಡಿ ತುಂಬುವುದೇ ಎಂದು ಹಿರಿಯರೊಬ್ಬರು ಗೊಣಗಿದರು. ಅಕ್ಕೋರು ಅದನ್ನು ಕೇಳಿಸಿಕೊಳ್ಳಲಿಲ್ಲ. ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡರು.

ರೇಣವ್ವ ಮುಂದೆ ಬಂದು ಅವರ ಕೈಯನ್ನು ಮೆತ್ತಗೆ ಹಿಡಿದಳು.

"ಬ್ಯಾಡ್ರಿ ಅಕ್ಕೋರ. ನಮ್ಮನ್ನೆಲ್ಲಾ ಕಳಿಸಿದ್ರಿ, ನಾವು ಹೋದೆವಿ. ಈಕಿ ಒಬ್ಬಾಕಿನ್ನ ಕಳಿಸಬ್ಯಾಡ್ರಿ."

ಅಕ್ಕೋರ ಬೊಗಸೆಯ ಅಕ್ಕಿ ತಾಟಿಗೆ ವಾಪಸು ಬಿತ್ತು. ಅವರು ಏಳಲಿಲ್ಲ. ತಾಟನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ನೀಲವ್ವನ ಪಕ್ಕದಲ್ಲಿ ಅದೇ ಗೋಡೆಗೆ ಆನಿಕೊಂಡು, ಕೇರಿಯ ನೆಲದ ಮೇಲೆ ಕೂತರು. ಯಾರೂ ಅವರಿಗೆ ಏಳಿ ಎನ್ನಲಿಲ್ಲ.